ಬಂದೂಕಿಗೆ ಪರವಾನಗಿ, ಗುಂಡಿಗೆ ಯಾರು ಹೊಣೆ?

ಬಿಟಿಎಂ ಬಡಾವಣೆಗೆ ಹೊಂದಿಕೊಂಡ ಮಡಿವಾಳದಲ್ಲಿ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಅದರ ಮುಂದಿನ ರಸ್ತೆಯಲ್ಲಿ ದಿನವೂ ಸಾವಿರಾರು ಮಂದಿ ಹಾದುಹೋಗುತ್ತಾರೆ; ಒಳಗೆ ನಡೆಯುವ ಕೆಲಸದ ಬಗ್ಗೆ ಯೋಚಿಸುವವರು ವಿರಳ. 2017ರ ಸೆಪ್ಟೆಂಬರ್ 5ರ ರಾತ್ರಿ ಪತ್ರಕರ್ತೆ ಗೌರಿ ಲಂಕೇಶ್ ಗಾಂಧಿ ಬಜಾರಿನ ಕಚೇರಿಯಿಂದ ರಾಜರಾಜೇಶ್ವರಿ ನಗರದ ಮನೆಗೆ ಮರಳಿದಾಗ ಬಾಗಿಲಲ್ಲೇ ಹತ್ಯೆಗೀಡಾದರು. ಅದಕ್ಕೂ ಎರಡು ವರ್ಷ ಮೊದಲು, 2015ರ ಆಗಸ್ಟ್ 30ರ ಬೆಳಿಗ್ಗೆ, ಸಂಶೋಧಕ ಎಂ.ಎಂ. ಕಲಬುರ್ಗಿಯವರು ಧಾರವಾಡದ ತಮ್ಮ ಮನೆಯಲ್ಲಿ ಇದೇ ರೀತಿ ಬಲಿಯಾಗಿದ್ದರು. ಈ ಎರಡು ಕೊಲೆಗಳ ನಡುವಿನ ನಂಟನ್ನು ಮೊದಲು ಖಚಿತವಾಗಿ ಹೇಳಿದ್ದು ಯಾವ ಸಾಕ್ಷಿದಾರನೂ ಅಲ್ಲ. ಎರಡೂ ಸ್ಥಳಗಳಲ್ಲಿ ದೊರೆತ 7.65 ಮಿ.ಮೀ. ಗುಂಡುಗಳು ಮತ್ತು ಖಾಲಿ ತೋಟೆಗಳು ಆ ಮಾತನ್ನು ಹೇಳಿದವು. ಅವುಗಳ ಮೇಲಿನ ಗೀರುಗಳನ್ನು ಹೋಲಿಸಿ ನೋಡಿದ ರಾಜ್ಯದ ತಜ್ಞರು, ಎರಡು ಕಡೆಯೂ ಬಳಕೆಯಾದದ್ದು ಒಂದೇ ನಾಡ ಪಿಸ್ತೂಲು ಎಂಬ ನಿರ್ಣಯಕ್ಕೆ ಬಂದರು. ಹೋಲಿಕೆಗೆ ಪಿಸ್ತೂಲು ಕೈಯಲ್ಲಿರಬೇಕಾದ ಅಗತ್ಯ ಬೀಳಲಿಲ್ಲ. ಗೌರಿ ಹತ್ಯೆಯ ವಿಚಾರಣೆ 2022ರಲ್ಲಿ ಆರಂಭವಾಯಿತು. ಅಪರಾಧಿಗಳು ಯಾರೆಂದು ನಿರ್ಧರಿಸುವುದು ನ್ಯಾಯಾಲಯದ ಕೆಲಸ. ಇಲ್ಲಿ ಎತ್ತಬೇಕೆಂದಿರುವುದು ಬೇರೊಂದು ಪ್ರಶ್ನೆ.

ಆಯುಧಗಳ ವಿಷಯ ಬಂದಾಗಲೆಲ್ಲ ನಮ್ಮ ಚರ್ಚೆ ಬಂದೂಕಿನ ಸುತ್ತಲೇ ಗಿರಕಿ ಹೊಡೆಯುತ್ತದೆ. ಯಾರಿಗೆ ಪರವಾನಗಿ ಕೊಡಬೇಕು, ಒಬ್ಬರು ಎಷ್ಟು ಇಟ್ಟುಕೊಳ್ಳಬಹುದು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಬೇಕೇ ಬೇಡವೇ ಎಂಬಲ್ಲಿಗೆ ಮಾತು ಮುಗಿಯುತ್ತದೆ. 2019ರ ಡಿಸೆಂಬರಿನಲ್ಲಿ ಸಂಸತ್ತು ಶಸ್ತ್ರಾಸ್ತ್ರ ಕಾಯ್ದೆಯನ್ನು ತಿದ್ದಿದಾಗಲೂ ಬಹುಪಾಲು ಗದ್ದಲ ನಡೆದದ್ದು, ಒಬ್ಬರ ಬಳಿ ಇರಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಒಂದಕ್ಕೆ ಇಳಿಯಬೇಕೇ ಎರಡಕ್ಕೆ ಇಳಿಯಬೇಕೇ ಎಂಬುದರ ಮೇಲೆ. ಕೊನೆಗೆ ಎರಡು ಎಂದಾಯಿತು. ಆದರೆ ಗುಂಡಿಲ್ಲದ ಬಂದೂಕು ಬರಿಯ ಕಬ್ಬಿಣದ ಕೊಳವೆ. ಅಪಾಯ ಅಡಗಿರುವುದು ಅದರೊಳಗೆ ತುಂಬುವ ಮದ್ದುಗುಂಡಿನಲ್ಲಿ. ಆ ಗುಂಡು ಎಲ್ಲಿಂದ ಬಂತು, ಯಾರು ತುಂಬಿದರು, ಎಷ್ಟು ಖರ್ಚಾಯಿತು ಎಂಬ ಲೆಕ್ಕ ಬಂದೂಕಿನ ಲೆಕ್ಕಕ್ಕಿಂತ ಮುಖ್ಯವಾದದ್ದು. ಈ ಮಾತನ್ನು ಮನಗಾಣಲು, ತೋಟೆಯನ್ನು ಮನೆಯಲ್ಲೇ ಕೈಯಾರೆ ತುಂಬಿಕೊಳ್ಳುವ ಹವ್ಯಾಸವೊಂದನ್ನು ನೋಡುವುದು ಉಪಯುಕ್ತ.

ಆಧುನಿಕ ತೋಟೆಯಲ್ಲಿ ನಾಲ್ಕು ಭಾಗಗಳಿರುತ್ತವೆ: ಹೊರಗಿನ ಹಿತ್ತಾಳೆಯ ಕೋಶ, ಅದರ ತಳದಲ್ಲಿ ಕೂರುವ ಕಿಡಿ ಹೊತ್ತಿಸುವ ಕೇಪು, ಒಳಗಿನ ಮದ್ದು, ಬಾಯಲ್ಲಿ ಕಚ್ಚಿಕೊಂಡ ಗುಂಡು. ಈಡು ಹಾರಿದಾಗ ಕೇಪು, ಮದ್ದು, ಗುಂಡು ಮೂರೂ ಖರ್ಚಾಗುತ್ತವೆ. ಹಿತ್ತಾಳೆಯ ಕೋಶ ಮಾತ್ರ ಒತ್ತಡಕ್ಕೆ ಒಂದು ಕ್ಷಣ ಹಿಗ್ಗಿ, ಮತ್ತೆ ಕುಗ್ಗಿ, ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಅದನ್ನು ಶುಚಿಗೊಳಿಸಿ, ಮೂಲ ಅಳತೆಗೆ ತಂದು, ಹೊಸ ಕೇಪು, ಮದ್ದು, ಗುಂಡು ಕೂರಿಸಿದರೆ ಮತ್ತೊಂದು ತೋಟೆ ಸಿದ್ಧ. ಅಮೆರಿಕದಲ್ಲಿ ಇದನ್ನು ಹ್ಯಾಂಡ್‌ಲೋಡಿಂಗ್ ಎನ್ನುತ್ತಾರೆ. ಅಲ್ಲಿ ಸ್ವಂತ ಬಳಕೆಗೆ ಹೀಗೆ ತುಂಬಿಕೊಳ್ಳುವವರಿಗೆ ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ. ಮಾರಾಟಕ್ಕಾಗಿ ತಯಾರಿಸುವವರಿಗೆ ಮಾತ್ರ ಬೇಕು. ಮನೆಯ ಗ್ಯಾರೇಜಿನಲ್ಲಿ ಒಂದು ಒತ್ತುಯಂತ್ರ, ಒಂದು ಸೂಕ್ಷ್ಮ ತಕ್ಕಡಿ ಇಟ್ಟುಕೊಂಡು ಸಂಜೆಗಳನ್ನು ಕಳೆಯುವ ಗೃಹಸ್ಥರು ಅಲ್ಲಿ ಅಪರೂಪವೇನಲ್ಲ.

ಈ ಹವ್ಯಾಸಕ್ಕೆ ತನ್ನದೇ ಆದ ಪ್ರತಿಷ್ಠೆಯೂ ಇದೆ. ಕೈಬಂದೂಕಿನ ಲೋಕದಲ್ಲಿ ಅತಿ ಬಲಶಾಲಿ ಎನಿಸಿಕೊಂಡ ದೊಡ್ಡ ಅಳತೆಯ ತೋಟೆಗಳಲ್ಲಿ ಹಲವು ಹುಟ್ಟಿದ್ದು ಕಾರ್ಖಾನೆಯಲ್ಲಲ್ಲ, ಇಂಥ ಮನೆಮೇಜುಗಳ ಮೇಲೆ. ಐಡಾಹೊ ಪ್ರಾಂತ್ಯದ ಎಲ್ಮರ್ ಕೀತ್ ಎಂಬ ದನಗಾಹಿ ಬರಹಗಾರ, ತಾನೇ ತುಂಬಿದ ಬಿರುಸಾದ ಈಡಿಗೆ .45 ರಿವಾಲ್ವರೊಂದು ಕೈಯಲ್ಲೇ ಸಿಡಿದ ಬಳಿಕ .44 ಅಳತೆಗೆ ತಿರುಗಿದ. ದಶಕಗಳ ಕಾಲ ಆತ ಅದರಲ್ಲಿ ಮಾಡಿದ ಪ್ರಯೋಗಗಳೇ 1955ರಲ್ಲಿ ಬಂದ .44 ಮ್ಯಾಗ್ನಮ್‌ಗೆ ದಾರಿಮಾಡಿದವು. ಅನಂತರ .454 ಕಸುಲ್, .475 ಲೈನ್‌ಬಾ ಬಂದವು. ಅವು ತಮ್ಮನ್ನು ರೂಪಿಸಿದ ಕುಶಲಕರ್ಮಿಗಳ ಹೆಸರನ್ನೇ ಹೊತ್ತಿವೆ. 2003ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ಕಂಪೆನಿಯ .500 ಬಂತು. ಕರಡಿ, ಕಡವೆಯಂಥ ದೊಡ್ಡ ಪ್ರಾಣಿಗಳ ಬೇಟೆ ಮತ್ತು ಅವುಗಳಿಂದ ರಕ್ಷಣೆ ಇವೆಲ್ಲಕ್ಕೆ ಅಲ್ಲಿನವರು ಕೊಡುವ ಸಮರ್ಥನೆ. ಅಂಗಡಿಯಲ್ಲಿ ಸುಲಭವಾಗಿ ಸಿಗದ, ಸಿಕ್ಕರೂ ದುಬಾರಿಯಾದ ಇಂಥ ತೋಟೆಗಳಿಗೆ ಮನೆಯಲ್ಲೇ ತುಂಬಿಕೊಳ್ಳುವುದು ಅನಿವಾರ್ಯ ಎಂಬುದೂ ಅವರ ವಾದ. ಈ ಕೆಲಸ ಬೇಡುವ ತಾಳ್ಮೆ, ಅಳತೆಯ ನಿಖರತೆ, ದಾಖಲೆ ಇಡುವ ಶಿಸ್ತು ಮೆಚ್ಚತಕ್ಕವು ಎಂಬುದರಲ್ಲಿ ಎರಡು ಮಾತಿಲ್ಲ.

ಅದೇ ಕೆಲಸದ ಇನ್ನೊಂದು ಮುಖವೂ ಇದೆ. ಮದ್ದನ್ನು ತೂಗುವುದು ಗ್ರೈನ್ ಎಂಬ ಮಾನದಲ್ಲಿ. ಒಂದು ಗ್ರೈನ್ ಎಂದರೆ ಸುಮಾರು 65 ಮಿಲಿಗ್ರಾಂ. ದೊಡ್ಡ ಕೋಶದಲ್ಲಿ ಮದ್ದು ತಳದಲ್ಲೆಲ್ಲೋ ಕುಳಿತಿದ್ದರೆ, ಮರೆತು ಎರಡನೆಯ ಬಾರಿ ಸುರಿದರೂ ಕಣ್ಣಿಗೆ ತಿಳಿಯದೆ ಹೋಗಬಹುದು. ಹೆಚ್ಚಾದರೆ ಬಂದೂಕೇ ಸಿಡಿಯುತ್ತದೆ. ಕಡಿಮೆಯಾದರೆ ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಂಡು, ಅದರ ಹಿಂದೆ ಹಾರಿಸಿದ ಮುಂದಿನ ಈಡು ನಳಿಗೆಯನ್ನು ಸೀಳುತ್ತದೆ. ಹಲವು ಬಾರಿ ಹಿಗ್ಗಿ ಕುಗ್ಗಿ ಸವೆದ ಹಿತ್ತಾಳೆಯೂ ಒಂದು ದಿನ ಕೈಕೊಡುತ್ತದೆ. ಎಲ್ಮರ್ ಕೀತ್‌ನಂಥ ನಿಷ್ಣಾತನ ಕೈಯಲ್ಲೇ ರಿವಾಲ್ವರ್ ಒಡೆದಿದೆ ಎಂದಮೇಲೆ ಸಾಮಾನ್ಯರ ಪಾಡನ್ನು ವಿವರಿಸಬೇಕಿಲ್ಲ.

ಈಗ ನಮ್ಮ ಕಾನೂನಿನ ಕಡೆ ನೋಡೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಎಂಬುದರ ವ್ಯಾಖ್ಯೆ ಬಹಳ ವಿಶಾಲವಾಗಿದೆ. ಸಿದ್ಧ ತೋಟೆ ಮಾತ್ರವಲ್ಲ, ಬಂದೂಕಿಗೆ ತುಂಬುವ ಮದ್ದು, ತೋಟೆಯ ಬಿಡಿಭಾಗಗಳು, ಅದನ್ನು ತಯಾರಿಸುವ ಯಂತ್ರ ಇವೆಲ್ಲವೂ ಆ ಮಾತಿನೊಳಗೆ ಬರುತ್ತವೆ. ಕಾಯ್ದೆಯ 5ನೆಯ ಕಲಮಿನ ಪ್ರಕಾರ ಇವನ್ನು ತಯಾರಿಸಲು ಪ್ರತ್ಯೇಕ ಪರವಾನಗಿ ಬೇಕು. ಬಂದೂಕು ಇಟ್ಟುಕೊಳ್ಳುವ ಪರವಾನಗಿ ಮದ್ದುಗುಂಡು ತಯಾರಿಸುವ ಪರವಾನಗಿಯಾಗುವುದಿಲ್ಲ. 5ನೆಯ ಕಲಮನ್ನು ಉಲ್ಲಂಘಿಸಿ ತಯಾರಿಸಿದವರಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಸೆರೆವಾಸವಿದೆ. ಅಮೆರಿಕದಲ್ಲಿ ಸಂಜೆಯ ಹವ್ಯಾಸವಾದದ್ದು ಜಯನಗರದ ಮನೆಯೊಂದರ ಮಹಡಿಯಲ್ಲಿ ಗಂಭೀರ ಅಪರಾಧವಾಗುತ್ತದೆ.

ಕೊಡಗಿನ ಮಾತು ಇಲ್ಲಿ ಸಹಜವಾಗಿಯೇ ಬರುತ್ತದೆ. ಬ್ರಿಟಿಷರ ಕಾಲದಿಂದ ಕೊಡವರಿಗೂ ಜಮ್ಮಾ ಭೂಮಿ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಕೈಲ್ ಮುಹೂರ್ತದ ದಿನ ಕೋವಿಗೆ ಪೂಜೆ ಸಲ್ಲಿಸುವ ಸಮುದಾಯದ ಈ ಹಕ್ಕನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರ ಅಕ್ಟೋಬರಿನವರೆಗೆ, ಮುಂದುವರಿಸಿತು. 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ದೇಶದಲ್ಲೇ ಅಪರೂಪದ ಈ ವಿನಾಯಿತಿ ಕೂಡ ಕೋವಿಯನ್ನು ಹೊಂದುವುದಕ್ಕೆ, ಒಯ್ಯುವುದಕ್ಕೆ ಸಂಬಂಧಿಸಿದ್ದು. ಮನೆಯಲ್ಲಿ ತೋಟೆ ತಯಾರಿಸುವ ಸ್ವಾತಂತ್ರ್ಯವನ್ನು ಅದು ಯಾರಿಗೂ ಕೊಟ್ಟಿಲ್ಲ.

ಈ ನಿಷೇಧ ಅತಿಯಾಯಿತೆಂದು ವಾದಿಸುವವರಿದ್ದಾರೆ. ಪ್ರಾಮಾಣಿಕ ಗುರಿಕಾರನನ್ನು ಕಳ್ಳ ತಯಾರಕನ ಸಾಲಿಗೆ ನಿಲ್ಲಿಸುವುದು ಸರಿಯೇ, ತೋಟೆಯ ಬೆಲೆ ಮತ್ತು ಅಭಾವದಿಂದ ಅಭ್ಯಾಸವೇ ಕುಂಠಿತವಾದರೆ ಕ್ರೀಡೆ ಬೆಳೆಯುವುದು ಹೇಗೆ ಎಂಬ ಅವರ ಪ್ರಶ್ನೆಗಳನ್ನು ತಳ್ಳಿಹಾಕುವಂತಿಲ್ಲ. ಆದರೂ ನಮ್ಮ ಪರಿಸ್ಥಿತಿಯನ್ನು ನೋಡಬೇಕು. ದೊಡ್ಡ ಅಳತೆಯ ಕೈಬಂದೂಕಿಗೆ ಅಮೆರಿಕದಲ್ಲಿರುವ ಬೇಟೆಯ ಸಮರ್ಥನೆ ಇಲ್ಲಿ ನಿಲ್ಲುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತೆರೆ ಎಳೆದಿದೆ. ಸರ್ಕಾರಿ ಕಾರ್ಖಾನೆಗಳು ನಾಗರಿಕರಿಗೆಂದು ತಯಾರಿಸುತ್ತ ಬಂದ ರಿವಾಲ್ವರುಗಳು .32, .22 ಅಳತೆಯವು. ಕ್ರೀಡೆಯ ಮಾತಿಗೆ ಬಂದರೆ, 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2024ರಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು ಗಾಳಿಬಂದೂಕು ಮತ್ತು ಗಾಳಿ ಪಿಸ್ತೂಲಿನಲ್ಲಿ. ಅವಕ್ಕೆ ಮದ್ದೇ ಬೇಕಿಲ್ಲ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದೂ ಗಾಳಿ ಪಿಸ್ತೂಲಿನಲ್ಲೇ. 50 ಮೀಟರ್ ಪಿಸ್ತೂಲಿಗೆ ಬಳಸುವುದು .22 ತೋಟೆ. ಅದರ ಕಿಡಿಮದ್ದು ಕೋಶದ ಅಂಚಿನೊಳಗೇ ಅಡಗಿರುವುದರಿಂದ ಸಾಮಾನ್ಯವಾಗಿ ಮತ್ತೆ ತುಂಬಲು ಬರುವುದಿಲ್ಲ. ಅಂದರೆ ನಮಗೆ ಪದಕ ತಂದ ಈ ಹಾದಿಗೆ ಮನೆಯಲ್ಲಿ ತುಂಬಿದ ತೋಟೆ ಬೇಕಾಗಲೇ ಇಲ್ಲ. ಉಳಿದ ಕೆಲವು ಸ್ಪರ್ಧೆಗಳ ಅಗತ್ಯವನ್ನು ಪೂರೈಸುವ ದಾರಿ ಬೇರೆಯೇ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಇನ್ನು ವಾಸದ ಪ್ರಶ್ನೆ. ಗ್ಯಾರೇಜು, ಹಿತ್ತಲು, ನೆರೆಮನೆಗೆ ಸಾಕಷ್ಟು ಅಂತರವಿರುವ ಅಮೆರಿಕದ ಉಪನಗರವೇ ಬೇರೆ; ಗೋಡೆಗೆ ಗೋಡೆ ತಾಗಿಸಿ ಮನೆ ಕಟ್ಟುವ ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳೇ ಬೇರೆ. ಒಂದೇ ಕಟ್ಟಡದಲ್ಲಿ ಹತ್ತಾರು ಕುಟುಂಬ, ಕೆಳಗೆ ಅಂಗಡಿ, ಪಕ್ಕದಲ್ಲಿ ಶಿಶುವಿಹಾರ. 2021ರ ಸೆಪ್ಟೆಂಬರ್ 23ರಂದು ಹೊಸ ತರಗುಪೇಟೆಯ ಗೋದಾಮೊಂದರಲ್ಲಿದ್ದ ಪಟಾಕಿ ಸಿಡಿದು ಜೀವಗಳು ಹೋದವು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ದಾಸ್ತಾನಿಗೆ ಬೆಂಕಿ ತಗುಲಿ ಹತ್ತಕ್ಕೂ ಹೆಚ್ಚು ಮಂದಿ, ಅವರಲ್ಲಿ ಹಬ್ಬದ ಕಾಲಕ್ಕೆ ದುಡಿಯಲು ಬಂದಿದ್ದ ಹುಡುಗರು, ಸುಟ್ಟುಹೋದರು. ಮನೆಯಲ್ಲಿ ಈಡು ತುಂಬುವವನ ಡಬ್ಬಿಯಲ್ಲಿರುವ ಮದ್ದು ಆ ದಾಸ್ತಾನಿನ ಎದುರು ಅಲ್ಪವೇ ಇರಬಹುದು. ಆದರೆ ಅದು ಪಕ್ಕದ ಗೋಡೆಯಾಚೆ ಇದೆಯೆಂದು ನೆರೆಯವರಿಗೆ ತಿಳಿದಿರುವುದಿಲ್ಲ, ಅಗ್ನಿಶಾಮಕದವರಿಗೂ ತಿಳಿದಿರುವುದಿಲ್ಲ. ಒಬ್ಬರ ಹವ್ಯಾಸದ ಅಪಾಯವನ್ನು ಕೇಳದೆಯೇ ಇಡೀ ಕಟ್ಟಡದ ಮೇಲೆ ಹೊರಿಸುವ ಹಕ್ಕು ಯಾರಿಗೂ ಇರಲಾಗದು.

ಆದರೆ ಮನೆಯಲ್ಲಿ ತೋಟೆ ತುಂಬುವುದನ್ನು ತಡೆಯಲು ಇದಕ್ಕಿಂತ ಬಲವಾದ ಕಾರಣವೊಂದಿದೆ. ಅದು ಮಡಿವಾಳದ ಪ್ರಯೋಗಾಲಯದ ಕೆಲಸಕ್ಕೆ ಸಂಬಂಧಿಸಿದ್ದು. ಖಾಲಿ ತೋಟೆ ಎರಡು ಬಗೆಯ ಸಾಕ್ಷ್ಯ ನುಡಿಯುತ್ತದೆ. ಕೇಪಿನ ಮೇಲಿನ ಸೂಜಿಯ ಗುಳಿ, ಲೋಹದ ಮೇಲಿನ ಗೀರು ಇವು ಯಾವ ಬಂದೂಕು ಎಂಬುದನ್ನು ಹೇಳುತ್ತವೆ. ತಳದಲ್ಲಿ ಕೊರೆದ ಮುದ್ರೆ, ಆ ತೋಟೆ ಯಾವ ಕಾರ್ಖಾನೆಯದು, ಯಾವ ಅಳತೆಯದು ಎಂಬುದನ್ನು ಹೇಳುತ್ತದೆ. ಪುಣೆಯ ಖಡ್ಕಿ ಕಾರ್ಖಾನೆಯ ತೋಟೆಗಳ ಮೇಲೆ ಕೆ.ಎಫ್. ಎಂಬ ಅಕ್ಷರಗಳಿರುವುದು ಈ ಕ್ಷೇತ್ರದವರಿಗೆಲ್ಲ ಗೊತ್ತು. ಮರುತುಂಬಿದ ತೋಟೆಯಲ್ಲಿ ಈ ಎರಡನೆಯ ಸಾಕ್ಷ್ಯ ಸುಳ್ಳಾಗುತ್ತದೆ. ಮುದ್ರೆ ಹಿಂದಿನ ಕಾರ್ಖಾನೆಯದು, ಮದ್ದು ಇನ್ನೆಲ್ಲಿಯದೋ, ಗುಂಡು ಮತ್ತಾರೋ ಎರಕ ಹೊಯ್ದದ್ದು. ಆ ತೋಟೆಯ ಜಾಡು ಹಿಡಿದು ಹೊರಟ ತನಿಖಾಧಿಕಾರಿ ತಲುಪುವುದು ಅದನ್ನು ಎಂದೋ ಕೊಂಡು ಬಳಸಿ ಎಸೆದ ನಿರಪರಾಧಿಯ ಮನೆಗೆ.

ಮೂಲದ ಜಾಡು ಎಷ್ಟು ಬೆಲೆಯುಳ್ಳದ್ದೆಂಬುದಕ್ಕೆ ಬ್ರೆಜಿಲ್ ದೇಶದ ಪ್ರಕರಣವೊಂದು ನಿದರ್ಶನ. 2018ರ ಮಾರ್ಚ್ 14ರಂದು ರಿಯೊ ನಗರದ ಪಾಲಿಕೆ ಸದಸ್ಯೆ ಮರಿಯೆಲ್ ಫ್ರಾಂಕೊ ಅವರನ್ನು ಕಾರಿನಲ್ಲೇ ಗುಂಡಿಕ್ಕಿ ಕೊಲ್ಲಲಾಯಿತು. ಪೊಲೀಸರಿಗೆ ಮಾರುವ ತೋಟೆಗಳ ಮೇಲೆ ತಂಡದ ಗುರುತು ಕೊರೆಯಬೇಕೆಂಬ ಕಾನೂನನ್ನು ಬ್ರೆಜಿಲ್ 2003ರಲ್ಲೇ ಮಾಡಿತ್ತು. ಆ ಗುರುತಿನಿಂದಾಗಿ ಸ್ಥಳದಲ್ಲಿ ಬಿದ್ದಿದ್ದ 9 ಮಿ.ಮೀ. ಕೋಶಗಳು 2006ರಲ್ಲಿ ಆ ದೇಶದ ಫೆಡರಲ್ ಪೊಲೀಸರಿಗೇ ಮಾರಾಟವಾದ ತಂಡಕ್ಕೆ ಸೇರಿದವೆಂದು ಕೆಲವೇ ದಿನಗಳಲ್ಲಿ ಬಯಲಾಯಿತು. ಸರ್ಕಾರದ ಉಗ್ರಾಣದಿಂದಲೇ ಗುಂಡು ಸೋರಿದ್ದು ಇಡೀ ದೇಶದ ಮುಂದೆ ಬಂತು. ತಂಡ ತೀರಾ ದೊಡ್ಡದಾಗಿದ್ದರಿಂದ ಸೋರಿದ ತೂತು ಯಾವುದೆಂದು ಹೇಳುವುದು ಕಷ್ಟವಾಯಿತು ಎಂಬುದೂ ಒಂದು ಪಾಠವೇ. 2024ರ ಅಕ್ಟೋಬರಿನಲ್ಲಿ ಈ ಕೊಲೆಗಾಗಿ ಶಿಕ್ಷೆಗೊಳಗಾದ ಇಬ್ಬರೂ ಮಾಜಿ ಪೊಲೀಸರು.

ಕೊಲೆಗಾರರು ಪರವಾನಗಿ ತೋರಿಸಿ ಗುಂಡು ಕೊಳ್ಳುತ್ತಾರೆಯೇ ಎಂದು ಕೆಲವರು ಕೇಳಬಹುದು. ಕೊಳ್ಳುವುದಿಲ್ಲ. ಲೆಕ್ಕ ಬೇಕಾಗಿರುವುದೂ ಅದಕ್ಕಾಗಿಯೇ. ನಾಡ ಪಿಸ್ತೂಲನ್ನು ಕುಲುಮೆಯಲ್ಲಿ ಬಡಿದು ಮಾಡಬಹುದು. ನಮ್ಮ ದೇಶದಲ್ಲಿ ಹಾಗೆ ಮಾಡುವ ಊರುಗಳೇ ಇವೆ. ಆದರೆ ಕೂದಲೆಳೆಯ ವ್ಯತ್ಯಾಸವಿಲ್ಲದ ಹಿತ್ತಾಳೆಯ ಕೋಶವನ್ನೂ ಹೊಡೆತಕ್ಕೆ ಮಾತ್ರ ಹೊತ್ತಿಕೊಳ್ಳುವ ಕೇಪನ್ನೂ ಕುಲುಮೆಯಲ್ಲಿ ಮಾಡುವುದು ಸುಲಭವಲ್ಲ. ಆದ್ದರಿಂದ ಕಳ್ಳ ಪಿಸ್ತೂಲಿಗೂ ಬಹುಮಟ್ಟಿಗೆ ಕಾರ್ಖಾನೆಯ ತೋಟೆಯೇ ಬೇಕು, ಇಲ್ಲವೇ ಕಾರ್ಖಾನೆಯ ಖಾಲಿ ಕೋಶವನ್ನು ಮರುತುಂಬಬೇಕು. ಎರಡೂ ಕಾನೂನುಬದ್ಧ ದಾಸ್ತಾನಿನಿಂದಲೇ ಎಲ್ಲೋ ಸೋರಿರಬೇಕು. ಬಂದೂಕಿನ ಸಾವಿರ ಕುಲುಮೆಗಳನ್ನು ಹುಡುಕುವುದಕ್ಕಿಂತ ಗುಂಡಿನ ಕೆಲವೇ ಮೂಲಗಳನ್ನು ಕಾಯುವುದು ಸುಲಭ. ಜಗತ್ತು ಕೂಡ ಇದನ್ನು ತಡವಾಗಿಯೇ ಅರಿತಿದೆ. ಸಣ್ಣ ಶಸ್ತ್ರಗಳ ಕಳ್ಳಸಾಗಣೆ ತಡೆಗೆ 2001ರಲ್ಲಿ ವಿಶ್ವಸಂಸ್ಥೆ ರೂಪಿಸಿದ ಕಾರ್ಯಕ್ರಮ ಮದ್ದುಗುಂಡನ್ನು ಹೊರಗೇ ಬಿಟ್ಟಿತ್ತು. ಮದ್ದುಗುಂಡಿನ ಇಡೀ ಆಯುಷ್ಯದ ನಿರ್ವಹಣೆಗೆ ಒಂದು ಜಾಗತಿಕ ಚೌಕಟ್ಟು ಅಂಗೀಕಾರವಾದದ್ದು 2023ರ ಡಿಸೆಂಬರಿನಲ್ಲಿ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಪಟ್ಟಣಿಗರ ಅರ್ಧಸತ್ಯವಾದೀತು. ಏಕೆಂದರೆ ನಮ್ಮದೇ ರಾಜ್ಯದಲ್ಲಿ ಕಾನೂನಿನ ಸಮ್ಮತಿಯೊಂದಿಗೇ ಪ್ರತಿಯೊಂದು ಈಡನ್ನೂ ಕೈಯಾರೆ ತುಂಬುವವರಿದ್ದಾರೆ. ಅವರು ಮಲೆನಾಡಿನ, ಕರಾವಳಿಯ ರೈತರು. ಬೆಳೆ ರಕ್ಷಣೆಗೆಂದು ಅವರ ಮನೆಯ ಗೋಡೆಗೆ ನೇತುಬಿದ್ದಿರುವ ಕೇಪಿನ ಕೋವಿಗೆ ಸಿದ್ಧ ತೋಟೆ ಎಂಬುದೇ ಇಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಗಜದಿಂದ ಜಡಿದು, ಸೀಸದ ಸಣ್ಣ ಗುಂಡುಗಳಾದ ಚರೆಯನ್ನು ಹಾಕಿ, ಕೊನೆಗೆ ಕೇಪು ಕೂರಿಸಬೇಕು. ಅಮೆರಿಕದ ಹವ್ಯಾಸಿಗೆ ಸೂಕ್ಷ್ಮ ತಕ್ಕಡಿ, ಅಳತೆಯ ಕೈಪಿಡಿ, ದೀಪದ ಬೆಳಕು ಉಂಟು. ಅಡಿಕೆ ತೋಟದ ಕತ್ತಲಲ್ಲಿ ಹಂದಿಯ ಗುಟುರು ಕೇಳಿಸಿಕೊಂಡು ಎದ್ದ ರೈತನಿಗೆ ಅಂದಾಜೇ ತಕ್ಕಡಿ. ತಾನು ಹಾಕಿದ್ದು ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬುದು ಅವನಿಗೆ ತಿಳಿಯುವುದು ಕುದುರೆ ಎಳೆದ ಮೇಲೆಯೇ.

ಅವನನ್ನು ಈ ಸ್ಥಿತಿಯಲ್ಲಿಟ್ಟದ್ದು ಬಡತನವೊಂದೇ ಅಲ್ಲ, ಕಾನೂನು ಕೂಡ. ಶಸ್ತ್ರಾಸ್ತ್ರ ಕಾಯ್ದೆಯ 13ನೆಯ ಕಲಮು, ಪ್ರಾಮಾಣಿಕ ಬೆಳೆ ರಕ್ಷಣೆಗಾದರೆ ನಳಿಗೆಯ ಬಾಯಿಂದ ತುಂಬುವ ಕೋವಿಗೆ ಪರವಾನಗಿ ಎನ್ನುತ್ತದೆ. ಸ್ವರಕ್ಷಣೆಗೋ ಕ್ರೀಡೆಗೋ ಬೇಕೆಂದವರಿಗೆ ತೋಟೆ ಹಾಕುವ, 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ನಯನಳಿಗೆ ಕೋವಿ. ಪಟ್ಟಣದವನಿಗೆ ಕಾರ್ಖಾನೆಯಲ್ಲಿ ಅಳೆದು ತುಂಬಿದ ತೋಟೆ, ಹಳ್ಳಿಯವನಿಗೆ ಮುಷ್ಟಿಯ ಅಂದಾಜು! ಅದೇ ಕಲಮಿನಲ್ಲಿ ಒಂದು ವಿನಾಯಿತಿಯೂ ಇದೆ: ಬೆಳೆ ರಕ್ಷಣೆಗೆ ಅಂಥ ಕೋವಿ ಸಾಲದೆಂದು ಪರವಾನಗಿ ನೀಡುವ ಅಧಿಕಾರಿಗೆ ಮನವರಿಕೆಯಾದರೆ ನಯನಳಿಗೆ ಕೋವಿಗೆ ಅನುಮತಿ ಕೊಡಬಹುದು. ಹೊಸ ಕಾಯ್ದೆ ಬೇಕಿಲ್ಲ. ಇರುವ ಸಾಲನ್ನು ಉದಾರವಾಗಿ ಓದಬಲ್ಲ ಜಿಲ್ಲಾಧಿಕಾರಿಗಳು ಸಾಕು. ಚುನಾವಣೆ ಘೋಷಣೆಯಾದಾಗಲೆಲ್ಲ ಮಲೆನಾಡಿನ ರೈತರು ಕೋವಿ ಠೇವಣಿಯ ವಿರುದ್ಧ ದನಿಯೆತ್ತುತ್ತಾರೆ. ಬೆಳೆ ಕೈಗೆ ಬರುವ ಹೊತ್ತಿಗೆ ಕೋವಿ ಠಾಣೆಯಲ್ಲಿದ್ದರೆ ತೋಟ ಕಾಯುವವರು ಯಾರು ಎಂಬ ಅವರ ಅಳಲು ನ್ಯಾಯವಾದದ್ದೇ. ಆದರೆ ಆ ವಿವಾದವೂ ಕೋವಿಯ ಸುತ್ತ ಮುಗಿದುಹೋಗುತ್ತದೆ. ಅವರ ಮದ್ದು ಎಂಥದು, ಎಲ್ಲಿಯದು, ಅದನ್ನು ಸುರಕ್ಷಿತವಾಗಿ ಇಡುವುದು ಹೇಗೆಂದು ಯಾರಾದರೂ ಕಲಿಸಿದ್ದಾರೆಯೇ ಎಂಬ ಪ್ರಶ್ನೆ ಏಳುವುದೇ ಇಲ್ಲ.

ಜಯನಗರ, ಜೆ.ಪಿ. ನಗರ, ಬನಶಂಕರಿಗಳಲ್ಲಿ ನೆಲೆಸಿರುವ ಎಷ್ಟೋ ಕುಟುಂಬಗಳ ಬೇರು ಈ ತೋಟಗಳಲ್ಲೇ ಇದೆ. ಊರಿನ ಮನೆಯ ಅಣ್ಣನೋ ಚಿಕ್ಕಪ್ಪನೋ ಇಂದಿಗೂ ಆ ಕೋವಿಯನ್ನು ಹಿಡಿದೇ ತೋಟ ಕಾಯುತ್ತಾರೆ. ಆದ್ದರಿಂದ ಇದನ್ನು ದೂರದ ಯಾರದೋ ಸಮಸ್ಯೆಯೆಂದು ಬಿಡುವಂತಿಲ್ಲ. ನಗರದಲ್ಲಿ ಮನೆಯ ಈಡು ಬೇಡವೆನ್ನುವ ನಾವು, ಹಳ್ಳಿಯಲ್ಲಿ ಅದು ಅನಿವಾರ್ಯವಾಗದಂತೆ ನೋಡಿಕೊಳ್ಳುವ ಹೊಣೆಯನ್ನೂ ಹೊರಬೇಕು.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದಾಗಿ, ಪ್ರತಿಯೊಬ್ಬ ಪರವಾನಗಿದಾರನಿಗೂ ವಿಶಿಷ್ಟ ಗುರುತಿನ ಸಂಖ್ಯೆ ನೀಡುವ ರಾಷ್ಟ್ರೀಯ ದತ್ತಾಂಶ ವ್ಯವಸ್ಥೆ ಈಗಾಗಲೇ ಇದೆ. ಗುಂಡಿನ ಪ್ರತಿ ಮಾರಾಟವೂ ಆ ಸಂಖ್ಯೆಯ ಖಾತೆಗೆ ಅಂದೇ ಸೇರಬೇಕು. ಸೇರಿದ್ದನ್ನು ಯಾರಾದರೂ ತೆರೆದು ನೋಡಬೇಕು. ಅಡುಗೆ ಅನಿಲದ ಸಿಲಿಂಡರಿಗೆ ಸಾಧ್ಯವಾದ ಲೆಕ್ಕ ಜೀವ ತೆಗೆಯುವ ಗುಂಡಿಗೆ ಅಸಾಧ್ಯವೆಂದು ಯಾರೂ ಹೇಳಲಾರರು. ಎರಡನೆಯದಾಗಿ, ತೋಟೆಯ ತಳದ ಮುದ್ರೆ ಕಾರ್ಖಾನೆ ಮತ್ತು ಅಳತೆಗೆ ನಿಲ್ಲದೆ ತಂಡದ ಗುರುತನ್ನೂ ಹೊರಬೇಕು; ತಂಡಗಳು ಸಣ್ಣವಾಗಿರಬೇಕು; ಪೊಲೀಸರ ತೋಟೆಗೂ ಇದೇ ನಿಯಮವಿರಬೇಕು. ಮೂರನೆಯದಾಗಿ, ಗುರಿ ಅಭ್ಯಾಸದ ಮೈದಾನಗಳಲ್ಲಿ ಬೀಳುವ ಖಾಲಿ ಕೋಶಗಳನ್ನು ಎಣಿಸಿ, ಜಜ್ಜಿ, ಅನಂತರವೇ ಗುಜರಿಗೆ ಹಾಕಬೇಕು. ಇಂದು ಕಸವೆನಿಸಿದ ಹಿತ್ತಾಳೆಯೇ ನಾಳಿನ ಕಳ್ಳ ತೋಟೆಗೆ ಕಚ್ಚಾವಸ್ತು.

ನಾಲ್ಕನೆಯದು ಕ್ರೀಡೆಯದು. ಕೆಲವು ಸ್ಪರ್ಧೆಗಳಿಗೆ ಮರುತುಂಬಿದ ತೋಟೆ ನಿಜವಾಗಿಯೂ ಬೇಕೆಂದು ಗುರಿಕಾರರ ಸಂಸ್ಥೆಗಳು ತೋರಿಸಿಕೊಟ್ಟರೆ, ಅದು ಸಂಸ್ಥೆಯ ಆವರಣದಲ್ಲಿ, ಸಂಸ್ಥೆಯ ಹೆಸರಿನ ಪರವಾನಗಿಯಲ್ಲಿ, ತರಬೇತಾದವರ ಕೈಯಿಂದ, ಪ್ರತಿ ಕೋಶಕ್ಕೂ ಲೆಕ್ಕವಿಟ್ಟು ನಡೆಯಲಿ. ಮನೆಯ ಮಹಡಿಗೆ ಮಾತ್ರ ಅದು ಬರಬಾರದು. ಐದನೆಯದು ರೈತನದು. ಕೇಪಿನ ಕೋವಿಯಿಂದ ತೋಟೆ ಕೋವಿಗೆ ಬದಲಾಗಲು ಬಯಸುವ ಅರ್ಹರಿಗೆ ಕಾಯ್ದೆಯ ವಿನಾಯಿತಿ ವರ್ಷಗಟ್ಟಲೆ ಅಲೆಯದೆ ಸಿಗಬೇಕು. ಹಳೆಯ ಕೋವಿಯನ್ನೇ ಉಳಿಸಿಕೊಳ್ಳುವವರಿಗೆ ತಾಲ್ಲೂಕು ಮಟ್ಟದಲ್ಲಿ ಗುಣಮಟ್ಟದ, ಅಳೆದ ಮದ್ದು ಸಿಗಬೇಕು. ಪರವಾನಗಿ ನವೀಕರಣದ ದಿನವೇ ಕೋವಿಯ ನಳಿಗೆಯ ತಪಾಸಣೆ, ಒಂದು ಗಂಟೆಯ ಸುರಕ್ಷತಾ ಪಾಠ ನಡೆಯಬೇಕು.

ಇವೆಲ್ಲಕ್ಕೂ ಹಣ ಬೇಕು, ಸಿಬ್ಬಂದಿ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸು ಬೇಕು. ಕಠಿಣ ಶಿಕ್ಷೆಯನ್ನು ಕಾಯ್ದೆಯ ಪುಸ್ತಕದಲ್ಲಿ ಬರೆಯುವುದು ಸುಲಭ. ಏಳು ವರ್ಷದ ಕನಿಷ್ಠ ಶಿಕ್ಷೆಯನ್ನು ನಾವು ಆಗಲೇ ಬರೆದಿದ್ದೇವೆ. ಆದರೆ ಲೆಕ್ಕವಿಡದ ಊರಿನಲ್ಲಿ ಶಿಕ್ಷೆಯ ಬೆದರಿಕೆ ಸಿಕ್ಕಿಬಿದ್ದವನನ್ನು ಮಾತ್ರ ಮುಟ್ಟುತ್ತದೆ. ಸಿಕ್ಕಿಬೀಳದವನು ಮುಂದಿನ ಈಡು ತುಂಬುತ್ತಲೇ ಇರುತ್ತಾನೆ. ಕೊಲೆ ನಡೆದ ಮೇಲೆ ಯಾವ ಪಿಸ್ತೂಲೆಂದು ಹೇಳಬಲ್ಲ ತಜ್ಞರು ನಮ್ಮಲ್ಲಿದ್ದಾರೆ. ಆ ಗುಂಡು ಯಾರ ಕೈಯಿಂದ ಯಾರ ಕೈಗೆ ದಾಟಿತೆಂದು ಹೇಳಬಲ್ಲ ಪುಸ್ತಕವನ್ನು ಅವರ ಮುಂದಿಡುವುದು ಸರ್ಕಾರದ ಕರ್ತವ್ಯ. ಇಡುವಂತೆ ಕೇಳುವುದು ನಮ್ಮದು.